ಮೆಟ್ಟಿಲಂಚಿಗೆ ಹೊಡೆಯೋ ಲೋಹದ ಪಟ್ಟಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಪದ ಒಂದು ಬೇಕಾಗಿದೆ, ಸಿಕ್ಕಿದ್ರೆ ಎರಡು. ದಾವಣಗೆರೆಯಲ್ಲಿ ನಮ್ಮ ಭಾವ ಫ್ಲೋರಿಂಗ್ ಅಂಗಡಿ ಇಟ್ಕೊಂಡಿದಾರೆ, ವಿನೈಲು, ವುಡನ್ನು, ಮ್ಯಾಟು ಎಲ್ಲ ಮಾರ್ತಾರೆ, ಹಾಕೋಕೆ ಹುಡುಗರನ್ನೂ ಅವರೇ ಕಳಿಸ್ತಾರೆ. ಮೆಟ್ಟಿಲಿಗೆ ವಿನೈಲ್ ಹಾಕಿದಾಗ ಪ್ರತಿ ಮೆಟ್ಟಿಲಿನ ತುದಿಗೂ ಒಂದು ಅಲ್ಯೂಮಿನಿಯಂ ಪಟ್ಟಿ ಕೂರಿಸ್ತಾರಲ್ಲ, ಅದರ ಜೊತೆ ಹೆಂಗೆ ಕೂರಿಸಬೇಕು ಅಂತ ಒಂದು ಇಂಗ್ಲಿಷ್ ಚೀಟಿ ಬರುತ್ತೆ, ಅದನ್ನ ಯಾರೂ ಓದಲ್ಲ, ಬಿಚ್ಚಿದ ತಕ್ಷಣ ಕಸಕ್ಕೆ. ಕನ್ನಡದಲ್ಲಿ ಒಂದು ಪುಟ ಬರ್ಕೊಡು, ಅಂಗಡಿ ಗೋಡೆಗೆ ಅಂಟಿಸ್ತೀನಿ ಅಂದ್ರು ಭಾವ. ಬರೆಯೋಕೆ ಕೂತ್ರೆ ಮೊದಲನೇ ಸಾಲಲ್ಲೇ ಗಾಡಿ ನಿಂತಿದೆ.

ನಿಂತಿರೋದು ನೋಸಿಂಗ್ ಅನ್ನೋ ಪದದ ಹತ್ರ. ಇಂಗ್ಲಿಷ್ ಪದ, ಅದನ್ನೇ ಬರೆದುಬಿಡಿ, ಎಲ್ಲರಿಗೂ ಗೊತ್ತು ಅಂತ ನಿಮ್ಮಲ್ಲಿ ಕೆಲವರು ಹೇಳ್ತೀರಿ ಅಂತ ಗೊತ್ತು. ಎಲ್ಲರಿಗೂ ಗೊತ್ತಿರೋದೇ ಇಲ್ಲಿ ತೊಂದರೆ ಕಣ್ರೀ, ಒಬ್ಬೊಬ್ಬರಿಗೆ ಒಂದೊಂದು ಥರ ಗೊತ್ತು. ಗ್ರಾನೈಟ್ ಕೆಲಸದವರಿಗೆ ನೋಸಿಂಗ್ ಅಂದ್ರೆ ಒಂದು ಕೆಲಸ, ಮೆಟ್ಟಿಲ ಕಲ್ಲಿನ ಮುಂದಿನ ಏಣನ್ನ ಮಷಿನ್ನಲ್ಲಿ ಅರ್ಧ ದುಂಡಗೆ ಉಜ್ಜಿ ಪಾಲಿಶ್ ಹಿಡಿಯೋದು, ಅದಕ್ಕೆ ಅಡಿ ಲೆಕ್ಕದಲ್ಲಿ ದುಡ್ಡು, "ನೋಸಿಂಗ್ ಮಾಡಿಸ್ತೀರಾ ಸಾರ್" ಅಂತಾನೇ ಕೇಳ್ತಾರೆ. ಇಂಜಿನಿಯರ್‌ಗಳಿಗೆ ಅದು ಮೆಟ್ಟಿಲಿನ ಒಂದು ಭಾಗ, ಕೆಳಗಿನ ನೆಟ್ಟಗಿನ ಭಾಗಕ್ಕಿಂತ ಒಂದಿಷ್ಟು ಮುಂದೆ ಚಾಚಿರೋ ತುದಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಮನೆ ಒಳಗಿನ ಮೆಟ್ಟಿಲು, ನೋಸಿಂಗ್ ಬಿಟ್ಟು, ಕನಿಷ್ಠ 250 ಮಿಲಿಮೀಟರ್ ಅಗಲ ಇರಬೇಕು, ಎತ್ತರ 190 ಮಿಲಿಮೀಟರ್ ದಾಟಬಾರದು ಅಂತ ಇದೆ, ಅಲ್ಲಿ ಬಿಡೋದು ಈ ಚಾಚಿದ ಭಾಗವನ್ನ. ವಿನೈಲ್ ಕಂಪನಿಯವರಿಗೆ ನೋಸಿಂಗ್ ಅಂದ್ರೆ ಆ ಲೋಹದ ಪಟ್ಟಿ, ಕೈಯಲ್ಲಿ ಹಿಡಿಯೋ ಸಾಮಾನು. ಈಗ ಚೀಟಿಯಲ್ಲಿ ಏನಿದೆ ಅಂದ್ರೆ, ನೋಸಿಂಗ್ ಸವೆದಿದ್ರೆ ಮೊದಲು ರಿಪೇರಿ ಮಾಡಿ ಆಮೇಲೆ ನೋಸಿಂಗ್ ಕೂರಿಸಿ! ಇದನ್ನ ಹಂಗೇ ಕನ್ನಡ ಲಿಪಿಗೆ ಇಳಿಸಿ ಗೋಡೆಗೆ ಅಂಟಿಸಿದ್ರೆ ಹುಡುಗರು ನನ್ನ ಮುಖ ನೋಡ್ತಾರೆ.

ಅದಕ್ಕೇ ನನ್ನ ವಾದ ಇಷ್ಟು. ಇಂಗ್ಲಿಷ್ ಒಂದೇ ಪದದಲ್ಲಿ ನಡೆಸಿದೆ ಅಂತ ನಾವೂ ಒಂದೇ ಪದ ಹುಡುಕೋದು ಬೇಡ. ಮೆಟ್ಟಿಲಿನ ತುದಿಗೆ ಒಂದು ಪದ, ಅದಕ್ಕೆ ತೊಡಿಸೋ ಲೋಹಕ್ಕೆ ಇನ್ನೊಂದು ಪದ, ಎರಡೂ ಬೇರೆ ಬೇರೆ ಇರಬೇಕು.

ಸಾಮಾನು ಯಾವುದು ಅಂತ ನೋಡಿಲ್ಲದವರಿಗೆ ಒಂದು ಮಾತು. ಮೆಟ್ಟಿಲಲ್ಲಿ ನಾವು ಕಾಲಿಡೋದು ನಡುವೆ ಅಂದ್ಕೊಂಡಿರ್ತೀವಿ, ಆದ್ರೆ ಇಳಿಯುವಾಗ ಪಾದದ ಭಾರ ಎಲ್ಲ ಬೀಳೋದು ತುದಿ ಮೇಲೆ. ವಿನೈಲ್ ಅಂದ್ರೆ ಪಿವಿಸಿ, ಮೆತ್ತನೆ ವಸ್ತು, ತುದಿಯಲ್ಲಿ ಸವೆಯುತ್ತೆ, ಅಂಟು ಬಿಟ್ಟು ಎದ್ದೇಳುತ್ತೆ, ಎದ್ದ ತುದಿಗೆ ಹೆಬ್ಬೆರಳು ಸಿಕ್ಕಿದ್ರೆ ಕೆಳಗಿನ ಮೆಟ್ಟಿಲವರೆಗೂ ಉರುಳೋದೇ. ಅದನ್ನ ಹಿಡಿದಿಡೋಕೆ ಈ ಪಟ್ಟಿ. ಹೆಚ್ಚಾಗಿ ಅಲ್ಯೂಮಿನಿಯಮ್ಮು, ಹಿತ್ತಾಳೆ, ಸ್ಟೀಲೂ ಸಿಗುತ್ತೆ, ಮೇಲೆ ಗೀರು ಇರುತ್ತೆ ಅಥವಾ ರಬ್ಬರ್ ಎಳೆ ಕೂರಿಸಿರ್ತಾರೆ, ಜಾರಬಾರದು ಅಂತ. ಇದರಲ್ಲಿ ಎರಡು ಜಾತಿ. ಒಂದು ವಿನೈಲ್ ಮೇಲೆ ಹೊದಿಸೋದು, ವಿನೈಲ್ ಎಲ್ಲ ಅಂಟಿಸಿ ಮುಗಿದ ಮೇಲೆ ತುದಿ ಮೇಲೆ ಇಟ್ಟು ಸ್ಕ್ರೂ ಹೊಡೆಯೋದು. ಇನ್ನೊಂದು ಮೊದಲೇ ಕೂರಿಸೋದು, ಅದರ ನಾಲಿಗೆ ವಿನೈಲ್ ಕೆಳಗೆ ಹೋಗುತ್ತೆ, ವಿನೈಲ್ ಬಂದು ಪಟ್ಟಿಗೆ ಆನಿಸಿ ಸಮವಾಗಿ ನಿಲ್ಲುತ್ತೆ. ಎರಡನೇದು ಚೆಂದ, ಆದ್ರೆ ದಪ್ಪ ಸರಿಯಾಗಿ ಹೊಂದಬೇಕು, 2 ಮಿಲಿಮೀಟರ್ ವಿನೈಲಿಗೆ 5 ಮಿಲಿಮೀಟರ್ ವಿನೈಲ್ ಹಲಗೆಗೆ ಮಾಡಿದ ಪಟ್ಟಿ ತಂದ್ರೆ ತುದಿಯಲ್ಲಿ ಒಂದು ದಿಣ್ಣೆ ಆಗುತ್ತೆ, ಎಡವೋದು ತಪ್ಪಲಿ ಅಂತ ಹಾಕಿದ್ದೇ ಎಡವಿಸುತ್ತೆ.

(ಅಂದ ಹಾಗೆ ವಿನೈಲ್ ಶೀಟಿಗೆ ನಮ್ಮೂರಲ್ಲಿ ಎಷ್ಟೋ ಜನ ಕಾರ್ಪೆಟ್ ಅಂತಾರೆ, ಹಳಬರು ಕೆಲವರು ಲಿನೋಲಿಯಂ ಅಂತಾರೆ. ಲಿನೋಲಿಯಂ ಬೇರೆ, ಅದು ಅಗಸೆ ಎಣ್ಣೆಯಿಂದ ಮಾಡಿದ್ದು, ಹೆಸರಲ್ಲೇ ಅಗಸೆ ಮತ್ತು ಎಣ್ಣೆ ಎರಡೂ ಇವೆ. ಅದರ ಚರ್ಚೆ ಬೇರೆ ದಿನ.)

ಕೆಲಸದವರ ಬಾಯಲ್ಲಿ ಏನಿದೆ ಅಂತ ಕಿವಿ ಕೊಟ್ಟು ಕೇಳಿದೆ. ಪಟ್ಟಿ, ಎಲ್ ಪಟ್ಟಿ, ಪ್ರೊಫೈಲು, ಬೀಡಿಂಗು. ಬಡಗಿ ಕೆಲಸದಿಂದ ಬಂದವರು ಬೀಡಿಂಗ್ ಅಂತಾರೆ, ಅಲ್ಯೂಮಿನಿಯಂ ಕಿಟಕಿ ಮಾಡ್ತಿದ್ದವರು ಪ್ರೊಫೈಲ್ ಅಂತಾರೆ, ಗಾರೆ ಕೆಲಸದವರು ಪಟ್ಟಿ ಅಂತಾರೆ. ಪಟ್ಟಿ ಒಳ್ಳೇ ಪದ, ತಕರಾರಿಲ್ಲ, ಆದ್ರೆ ಗೋಡೆ ಕೆಳಗಿನ ಸ್ಕರ್ಟಿಂಗೂ ಪಟ್ಟಿ, ಎರಡು ಕೋಣೆ ನೆಲ ಸೇರೋ ಬಾಗಿಲ ಹತ್ರ ಹಾಕೋದೂ ಪಟ್ಟಿ, ಮೂರೂ ಒಂದೇ ಮನೆಯಲ್ಲಿ ಒಂದೇ ದಿನ ಹಾಕ್ತಾರೆ. ಅಂಗಡಿಯಿಂದ ಪಟ್ಟಿ ತಗೊಂಬಾ ಅಂದ್ರೆ ಹುಡುಗ ಯಾವುದು ತರಬೇಕು?

ಇನ್ನು ನಾನು ಯೋಚಿಸಿದ ಪದಗಳು.

ಮೂಗು. ಇಂಗ್ಲಿಷಿಂದ ನೇರ ಇಳಿಸಿದ್ದು, ಮೆಟ್ಟಿಲ ಮೂಗು, ಮೂಗುಪಟ್ಟಿ. ನನಗೆ ಇದು ಹಿಡಿಸಲ್ಲ. ಮೂಗುಪಟ್ಟಿ ಅಂದ್ರೆ ಎತ್ತಿಗೋ ಕುದುರೆಗೋ ಹಾಕೋದು ಅನ್ಸುತ್ತೆ. ಅವರ ಕಣ್ಣಿಗೆ ಅದು ಮೂಗಾಗಿ ಕಂಡಿತು, ನಮ್ಮ ಕಣ್ಣಿಗೂ ಹಂಗೇ ಕಾಣಬೇಕು ಅಂತ ಏನು ಕಾನೂನು?

ಅಂಚು. ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳ ಊರು ನಮ್ಮದು, ಬಟ್ಟೆ ಮಾತು ನಾಲಿಗೆ ಮೇಲೆ ತಾನೇ ಬರುತ್ತೆ. ಸೀರೆ ಅಂಚು ಅಂದ್ರೆ ಸೀರೆಯ ತುದಿಯೂ ಹೌದು, ಅಲ್ಲಿ ನೇಯ್ದ ಪಟ್ಟಿಯೂ ಹೌದು, ಇಂಗ್ಲಿಷಿನ ಗೊಂದಲವೇ ಇಲ್ಲೂ ಇದೆ. ಬಡಗಣ ಕಡೆಯವರು ಹೇಳೋ ದಡಿ ಪೂರ್ತಿ ನೇಯ್ಗೆಗೇ ಅಂಟಿಕೊಂಡಿದೆ. ಹಂಗಾಗಿ ಅಂಚನ್ನ ಮೆಟ್ಟಿಲಿನ ತುದಿಗೇ ಮೀಸಲಿಡೋಣ ಅಂತ ನನ್ನ ಅನಿಸಿಕೆ, ಮೆಟ್ಟಿಲಂಚು. ಚಾಚಿಕೊಂಡಿದ್ರೆ ಚಾಚಂಚು ಅಂತ ಬೇಕಾದ್ರೆ ಸೇರಿಸಬಹುದು, ಬಾಯಿಗೆ ಸ್ವಲ್ಪ ಕಷ್ಟ. ಒಂದು ಪದ ಸಿಕ್ಕಿದಂಗಾಯ್ತು.

ಲೋಹಕ್ಕೆ? ಅಂಚುಪಟ್ಟಿ ಅನ್ನಬಹುದು, ಯಾರಿಗಾದರೂ ಅರ್ಥ ಆಗುತ್ತೆ. ಆದ್ರೆ ಲೋಹ ಅನ್ನೋದು ಅದರಲ್ಲಿ ಇಲ್ಲ, ತೊಡಿಸೋದು, ಸವೆಯದಂತೆ ಕಾಯೋದು ಅನ್ನೋದೂ ಇಲ್ಲ. ಕಟ್ಟು ಅನ್ನೋದರಲ್ಲಿ ಅದಿದೆ ನೋಡಿ, ಬೆಳ್ಳಿ ಕಟ್ಟಿನ ಬೆತ್ತ, ಬೆಳ್ಳಿ ಕಟ್ಟಿಸಿದ ರುದ್ರಾಕ್ಷಿ, ಅಲ್ಲಿ ಲೋಹ ಇನ್ನೊಂದು ವಸ್ತುವನ್ನ ಸುತ್ತಿ ಹಿಡಿಯುತ್ತೆ. ಆದ್ರೆ ಕಟ್ಟು ಒಂಟಿಯಾಗಿ ನಿಂತ್ರೆ ನೂರು ಅರ್ಥ, ಸೊಪ್ಪಿನ ಕಟ್ಟೂ ಕಟ್ಟೇ, ಕಾಳು ಬೇಯಿಸಿ ಬಸಿದ ಕಟ್ಟೂ ಕಟ್ಟೇ.

ಹಳಿ. ಎತ್ತಿನ ಗಾಡಿ ಗಾಲಿಯ ಮರದ ಸುತ್ತಿಗೆ ಕಬ್ಬಿಣದ ಪಟ್ಟೆ ಕಾಯಿಸಿ ತೊಡಿಸ್ತಾರಲ್ಲ, ಅದು ಹಳಿ. ಕೆಲಸ ನೋಡಿದ್ರೆ ತದ್ವತ್ ಇದೇ, ಮೆತ್ತನೆ ವಸ್ತುವಿನ ಸವೆಯೋ ಜಾಗಕ್ಕೆ ಗಟ್ಟಿ ಲೋಹ. ಆದ್ರೆ ರೈಲು ಬಂದು ಈ ಪದವನ್ನ ಪೂರ್ತಿ ಹೊತ್ಕೊಂಡು ಹೋಗಿದೆ, ಮೆಟ್ಟಿಲ ಹಳಿ ಅಂದ್ರೆ ಏನೋ ಉರುಳಿಕೊಂಡು ಬರುತ್ತೆ ಅಂತ ಪಕ್ಕಕ್ಕೆ ಸರೀತಾರೆ.

ಅಣಸು. ನನ್ನ ಓಟು ಇದಕ್ಕೆ. ಒನಕೆ ತುದಿಗೆ ಹಾಕಿರೋ ಕಬ್ಬಿಣದ ಬಳೆಗೆ ನಮ್ಮಜ್ಜಿ ಅಣಸು ಅಂತಿದ್ರು. ಕುಟ್ಟಿ ಕುಟ್ಟಿ ಮರ ಸೀಳಬಾರದು, ತುದಿ ಸವೆದು ಕುಚ್ಚಾಗಬಾರದು ಅಂತ ಹಾಕೋದು. ಲೋಹ, ತುದಿ, ಸವೆತದಿಂದ ಕಾಪು, ಮೂರೂ ಒಂದೇ ಪದದೊಳಗೆ, ಬೇರೆ ಯಾವ ಅರ್ಥವೂ ಅಡ್ಡ ಬರಲ್ಲ. ಮೆಟ್ಟಿಲಣಸು ಅಂತ ಸೇರಿಸಿದ್ರೂ ಕಿವಿಗೆ ಹಿತ. ತೊಡಕು ಒಂದೇ, ಒನಕೆಯೇ ಇಲ್ಲದ ಮನೆಯಲ್ಲಿ ಬೆಳೆದ ಹುಡುಗರಿಗೆ ಅಣಸು ಎಲ್ಲಿಂದ ಗೊತ್ತಿರುತ್ತೆ. ಓಬವ್ವನ ದುರ್ಗ ಪಕ್ಕದಲ್ಲೇ ಇದೆ, ಒನಕೆ ಎಲ್ಲರಿಗೂ ಗೊತ್ತು, ಅಣಸು ಯಾರಿಗೂ ಗೊತ್ತಿಲ್ಲ. ಆದ್ರೆ ಪ್ರೊಫೈಲ್ ಅನ್ನೋದೂ ಒಂದು ದಿನ ಯಾರಿಗೂ ಗೊತ್ತಿರಲಿಲ್ಲ ತಾನೆ, ಸಾಮಾನು ಕೈಗೆ ಕೊಟ್ಟು ಇದು ಅಣಸು ಅಂದ್ರೆ ಸಂಜೆಯೊಳಗೆ ಬಾಯಿಗೆ ಬರುತ್ತೆ. ಗಾರೆ ಕೆಲಸದ ರಸಮಟ್ಟ, ಮೂಲೆಮಟ್ಟ, ತೂಕದ ಗುಂಡು ಇವೆಲ್ಲ ಹಂಗೇ ಬದುಕಿರೋದು, ಕೈಯಲ್ಲಿ ಸಾಮಾನು ಇರೋದ್ರಿಂದ.

ಕ್ರಿಯಾಪದವೂ ಒಂದು ಪ್ರಶ್ನೆ. ಇಂಗ್ಲಿಷ್ ಚೀಟಿ ಎಲ್ಲದಕ್ಕೂ ಒಂದೇ ಪದ ಬಳಸುತ್ತೆ, ನಾವು ಅದಕ್ಕೆ ಅಳವಡಿಸು ಅಂತ ಸರ್ಕಾರಿ ಕನ್ನಡ ಬರೀತೀವಿ. ಕೆಲಸದವರು ಅಳವಡಿಸಲ್ಲ. ಸ್ಕ್ರೂ ಆದ್ರೆ ಹೊಡೀತಾರೆ, ಗಮ್ಮಾದ್ರೆ ಅಂಟಿಸ್ತಾರೆ, ನಾಲಿಗೆ ಒಳಗೆ ಹೋಗೋದಾದ್ರೆ ಕೂರಿಸ್ತಾರೆ. ಯಾವ ಜಾತಿ ಪಟ್ಟಿ ಅಂತ ಕ್ರಿಯಾಪದವೇ ಹೇಳಿಬಿಡುತ್ತೆ, ಇದು ಇಂಗ್ಲಿಷಿಗಿಂತ ಅನುಕೂಲವೇ. ಅಣಸಿಗೆ ಮಾತ್ರ ತೊಡಿಸು ಒಪ್ಪುತ್ತೆ ಅನ್ಸುತ್ತೆ.

ಕಾಲಿಡೋ ಟ್ರೆಡ್ಡಿಗೆ ಹಾಸು, ನೆಟ್ಟಗಿರೋ ರೈಸರಿಗೆ ನಿಲುವು ಅಂತ ಬರೆದಿದೀನಿ. ಹಾಸುಗಲ್ಲು ಇದ್ದೇ ಇದೆ, ನಿಂತಿರೋದು ನಿಲುವು. ಮೆಟ್ಟಿಲು ಅನ್ನಬೇಕಾ ಪಾವಟಿಗೆ ಅನ್ನಬೇಕಾ ಅಂತಾನೂ ಕೇಳಬಹುದು, ದಾವಣಗೆರೆ ಎರಡಕ್ಕೂ ನಡುವೆ ಕೂತಿರೋ ಊರು, ರಾಣೆಬೆನ್ನೂರು ಕಡೆಯಿಂದ ಬಂದ ಹುಡುಗ ಪಾವಟಿಗಿ ಅಂತಾನೆ, ಹಿರಿಯೂರಿನವನು ಮೆಟ್ಲು ಅಂತಾನೆ. ಮೆಟ್ಟಿಲು ಅಂತಾನೇ ಇಟ್ಟೆ, ಜಗಳ ಬೇಡ.

ಬರೆದ ಕರಡು ಹಾಕ್ತಿದೀನಿ, ಹೊದಿಸೋ ಜಾತಿಯದ್ದು ಇದು. ಓದಿ, ಎಲ್ಲಿ ತಡವರಿಸ್ತೀರೋ ಅಲ್ಲಿ ಹೇಳಿ.

"ಮೊದಲು ಮೆಟ್ಟಿಲಂಚು ನೋಡಿ. ಹಳೇ ಗಾರೆ ಮೆಟ್ಟಿಲಾದ್ರೆ ಅಂಚು ದುಂಡಗಾಗಿರುತ್ತೆ, ಸಿಮೆಂಟು ಮೆತ್ತಿ ಮೂಲೆಮಟ್ಟ ಹಿಡಿದು ಚೂಪಾಗಿ ಎಬ್ಬಿಸಿ, ಇಲ್ಲದಿದ್ರೆ ಅಣಸಿನ ಕೆಳಗೆ ಪೊಳ್ಳು ಉಳಿದು ಕಾಲಿಟ್ಟಾಗೆಲ್ಲ ಟಕ್ ಅನ್ನುತ್ತೆ, ಆಮೇಲೆ ಸ್ಕ್ರೂ ಸಡಿಲ ಆಗುತ್ತೆ. ಸಿಮೆಂಟು ಪೂರ್ತಿ ಒಣಗಲಿ, ಹಸಿ ಸಿಮೆಂಟು ಅಲ್ಯೂಮಿನಿಯಮ್ಮನ್ನ ತಿನ್ನುತ್ತೆ. ವಿನೈಲನ್ನ ಮೊದಲು ನಿಲುವಿಗೆ ಅಂಟಿಸಿ, ಆಮೇಲೆ ಹಾಸಿನ ಮೇಲೆ. ಒಂದಕ್ಕೊಂದು ಸಿಕ್ಕಿಸೋ ಹಲಗೆಯಾದ್ರೂ ಮೆಟ್ಟಿಲ ಮೇಲೆ ಸುಮ್ನೆ ಹಾಸಬೇಡಿ, ಪೂರ್ತಿ ಅಂಟಿಸಲೇಬೇಕು. ಒಂದು ಮೆಟ್ಟಿಲು ಅಳೆದು ಎಲ್ಲಕ್ಕೂ ಅದೇ ಅಳತೆಗೆ ಅಣಸು ಕತ್ತರಿಸಬೇಡಿ, ಗೋಡೆ ನೇರ ಇರಲ್ಲ, ಪ್ರತಿ ಮೆಟ್ಟಿಲೂ ಅಳೆಯಿರಿ. ಸಣ್ಣ ಹಲ್ಲಿನ ಗರಗಸ, ಇಂಚಿಗೆ 32 ಹಲ್ಲಿಂದು, ಅದರಲ್ಲಿ ಕೊಯ್ದು ತುದಿಗೆ ಅರ ಹಾಕಿ, ಸಿಬಿರು ಉಳಿದ್ರೆ ಕಾಲು ಕೊಯ್ಯುತ್ತೆ. ಗಮ್ಮಿಲ್ಲದೆ ಒಮ್ಮೆ ಇಟ್ಟು ನೋಡಿ. ತೂತಿನ ಗುರುತು ಹಾಕಿ 6 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ಕೊರೆದು ಧೂಳು ಊದಿ ಸ್ಕ್ರೂ ಹಿಡಿಯೋ ಪ್ಲಗ್ ಹಾಕಿ. ಅಣಸಿನ ಒಳಮೈಗೆ ಉದ್ದಕ್ಕೂ ಗಮ್ಮು ಎಳೆದು ಒತ್ತಿ ತೊಡಿಸಿ, ಸ್ಕ್ರೂ ತಲೆ ಲೋಹಕ್ಕೆ ಸಮ ಆಗೋವರೆಗೆ ಮಾತ್ರ ಬಿಗಿ ಮಾಡಿ, ಜಾಸ್ತಿ ಬಿಗಿದ್ರೆ ತಗ್ಗು ಬೀಳುತ್ತೆ. ಗಮ್ಮಿನ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಯಾರನ್ನೂ ಹತ್ತಿಸಬೇಡಿ."

ಇದರ ಜೊತೆ ಭಾವ ಒಂದು ಸಾಲು ಸೇರಿಸು ಅಂದಿದಾರೆ, 3 ಅಡಿ ಅಗಲದ ಮೆಟ್ಟಿಲಿಗೆ 8 ಅಡಿ ಉದ್ದದ ಅಣಸು ಬೇಡ 10 ಅಡಿದು ತಗೊಳ್ಳಿ ಅಂತ. ಎಂಟರಲ್ಲಿ ಎರಡೇ ತುಂಡು ಬಂದು 2 ಅಡಿ ದಂಡ, ಹತ್ತರಲ್ಲಿ ಮೂರು ಬಂದು 1 ಅಡಿ ಉಳಿಯುತ್ತೆ. ಅಂಗಡಿಯವರು ಗಿರಾಕಿ ಲಾಭದ ಮಾತಾಡೋದು ಅಪರೂಪ, ಸೇರಿಸ್ತೀನಿ. ವಯಸ್ಸಾದವರಿರೋ ಮನೆಗೆ ನೆಲದ ಬಣ್ಣಕ್ಕೆ ಎದ್ದು ಕಾಣೋ ಬಣ್ಣದ್ದೇ ಕೊಡಿ ಅಂತ ನನ್ನದೂ ಒಂದು ಸಾಲು, ಮ್ಯಾಚಿಂಗ್ ಹಾಕಿದ್ರೆ ಮೆಟ್ಟಿಲು ಎಲ್ಲಿ ಮುಗೀತು ಅಂತ ಕಣ್ಣು ಮಂಜಾದವರಿಗೆ ತಿಳಿಯಲ್ಲ.

ಈಗ ನನಗೆ ಬೇಕಾಗಿರೋದು. ಜಗಳೂರು, ಹರಿಹರ, ಚನ್ನಗಿರಿ, ಹೊಸದುರ್ಗ, ಚಳ್ಳಕೆರೆ ಕಡೆಯವರು ಅಣಸು ಕೇಳಿದೀರಾ, ಕೇಳಿದ್ರೆ ಒನಕೆಗೆ ಮಾತ್ರ ಹೇಳ್ತಾರಾ, ಕೋಲು, ಪಿಕಾಸಿ ಕಾವು, ಗುದ್ದಲಿ ಕಾವಿಗೂ ಹೇಳ್ತಾರಾ? ಉದ್ದನೆ ಪಟ್ಟಿಗೆ ಅಣಸು ಅಂದ್ರೆ ಕಿವಿಗೆ ಕಿರಿಕಿರಿಯಾ, ಅಣಸು ಅಂದ್ರೆ ಬಳೆಯಂಗೆ ಸುತ್ತಲೇಬೇಕಾ? ಗಾಡಿ ಮಾಡೋ ಆಚಾರ್ರು ಮನೆಯವರು ಯಾರಾದರೂ ಇದ್ರೆ, ಮೂಕಿ ತುದಿಗೋ ಹಲಗೆ ಅಂಚಿಗೋ ಹೊಡೆಯೋ ತಗಡಿಗೆ ಬೇರೆ ಹೆಸರಿದ್ರೆ ದಯವಿಟ್ಟು ತಿಳಿಸಿ, ಅದು ಅಣಸಿಗಿಂತ ಹತ್ರ ಇದ್ರೆ ನನ್ನ ಓಟು ಬದಲಾಯಿಸ್ತೀನಿ. ಅಲ್ಲಿವರೆಗೆ ಗೋಡೆಗೆ ಅಂಟಿಸೋ ಪುಟದಲ್ಲಿ ಮೊದಲ ಸಲ ಬಂದಾಗ "ಅಣಸು, ಅಂದ್ರೆ ಅಂಚಿನ ಲೋಹದ ಪಟ್ಟಿ" ಅಂತ ಬರೆದು ಮುಂದೆಲ್ಲ ಅಣಸು ಅಂತ ಇಡ್ತೀನಿ.