ಕಪ್ಪು ಕಾರಿನ ಮೇಲಿನ ಸಣ್ಣ ಗೀರುಗಳು: ಉಜ್ಜಿಸಬೇಕೇ, ಮುಚ್ಚಿದರೆ ಸಾಕೇ?

ರಾಜಾಜಿನಗರದ ಕರಿ ಸೆಡಾನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನನ್ನ ಕಪ್ಪು ಸೆಡಾನ್ ನೆರಳಿನಲ್ಲಿ ನಿಂತಿರುವಾಗ ಯಾವ ದೋಷವೂ ಕಾಣುವುದಿಲ್ಲ. ಆದರೆ ಮಧ್ಯಾಹ್ನದ ಬಿಸಿಲು ಬಾನೆಟ್ ಮೇಲೆ ಬಿದ್ದಾಗ, ಇಲ್ಲವೇ ರಾತ್ರಿ ಪೆಟ್ರೋಲ್ ಬಂಕಿನ ದೀಪಗಳ ಕೆಳಗೆ ನಿಲ್ಲಿಸಿದಾಗ, ಪ್ರತಿಯೊಂದು ಬೆಳಕಿನ ಸುತ್ತಲೂ ಸಣ್ಣ ಗೀರುಗಳು ಜೇಡರ ಬಲೆಯಂತೆ ಎದ್ದು ಕಾಣುತ್ತವೆ. ಉಗುರಿನಿಂದ ಸವರಿದರೆ ಯಾವುದೂ ತಡೆಯುವುದಿಲ್ಲ. ಮನೆಯಲ್ಲಿ ಇನ್ನೊಂದು ಬಿಳಿ ಕಾರಿದೆ. ಎರಡನ್ನೂ ಒರೆಸುವವರು ಒಬ್ಬರೇ, ಬಟ್ಟೆಯೂ ಒಂದೇ, ಆದರೂ ಅದರ ಮೇಲೆ ಇಂಥದ್ದೇನೂ ಇಲ್ಲ.

ಒಂದು ಡಿಟೇಲಿಂಗ್ ಅಂಗಡಿಯವರು ಮೆಷಿನ್ ರಬ್ಬಿಂಗ್ ಮಾಡಿಸಿ ಸೆರಾಮಿಕ್ ಕೋಟಿಂಗ್ (ಬಣ್ಣದ ಮೇಲೆ ಅಂಟಿ ಗಟ್ಟಿಯಾಗುವ ಪಾರದರ್ಶಕ ರಕ್ಷಣಾ ಲೇಪ) ಹಾಕಿಸಿಕೊಳ್ಳಿ ಎನ್ನುತ್ತಾರೆ. ಬಡಾವಣೆಯ ವಾಟರ್ ಸರ್ವೀಸ್‌ನವರು ಕಪ್ಪು ಬಣ್ಣದ ವ್ಯಾಕ್ಸ್ ಹಚ್ಚಿದರೆ ಎಲ್ಲವೂ ಮುಚ್ಚಿಹೋಗುತ್ತದೆ ಎನ್ನುತ್ತಾರೆ. ಹಿಂದಿನ ಮಾಲೀಕರು ಎಷ್ಟು ಸಲ ರಬ್ಬಿಂಗ್ ಮಾಡಿಸಿದ್ದರೋ ತಿಳಿಯದ ಕಾರಣ ಮತ್ತೆ ಉಜ್ಜಿಸಲು ಹಿಂಜರಿಕೆಯಿದೆ. ಆಯುಧಪೂಜೆಯ ಹೊತ್ತಿಗೆ ಗೀರುಗಳು ಕಣ್ಣಿಗೆ ಬೀಳದಂತಾದರೆ ನನಗೆ ಸಾಕು. ಉಜ್ಜದೆಯೇ ಮುಚ್ಚಲು ಸಾಧ್ಯವೇ? ಮುಚ್ಚಿದ್ದು ಎಷ್ಟು ದಿನ ನಿಲ್ಲುತ್ತದೆ?

ಪೀಣ್ಯದ ಪೇಂಟ್ ಬೂತ್

ಮೊದಲು ಬಿಳಿ ಕಾರಿನ ವಿಷಯ ಹೇಳಿಬಿಡುತ್ತೇನೆ. ಗೀರು ಎರಡರ ಮೇಲೂ ಇದೆ. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ನಿಮಗೆ ಕಾಣುತ್ತಿರುವ ಗೀರುಗಳೆಲ್ಲ ಈ ಕೊನೆಯ ಪದರದವು. ಗೀರಿನ ಅಂಚು ಬೆಳಕನ್ನು ಚದುರಿಸಿ ಬೆಳ್ಳಗೆ ಹೊಳೆಯುತ್ತದೆ, ಆ ಹೊಳಪು ಬಿಳಿಯ ಮೇಲೆ ಕರಗಿಹೋಗುತ್ತದೆ, ಕಪ್ಪಿನ ಮೇಲೆ ಎದ್ದು ನಿಲ್ಲುತ್ತದೆ. ಅವು ಸುತ್ತು ಸುತ್ತಾಗಿ ಕಾಣುತ್ತವೆ ಎಂದ ಮಾತ್ರಕ್ಕೆ ಯಾರೋ ಗುಂಡಗೆ ಒರೆಸಿದ್ದಾರೆ ಎಂದು ಭಾವಿಸಬೇಕಾಗಿಲ್ಲ. ಗೀರುಗಳು ಎಲ್ಲ ದಿಕ್ಕಿನಲ್ಲೂ ಇದ್ದು, ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುವ ಕೋನದಲ್ಲಿರುವವು ಮಾತ್ರ ಕಾಣುವುದರಿಂದ ದೀಪದ ಸುತ್ತ ಉಂಗುರಗಳಾಗಿ ತೋರುತ್ತವೆ.

ನಿಮ್ಮ ಹಿಂಜರಿಕೆ ಸರಿಯಾಗಿಯೇ ಇದೆ. ಕಂಪನಿಯಿಂದ ಬರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪವಿರುತ್ತದೆ. ರಬ್ಬಿಂಗ್ ಎಂದರೆ ಗೀರನ್ನು ತುಂಬುವುದಲ್ಲ, ಗೀರಿನ ತಳ ಸಿಗುವವರೆಗೆ ಸುತ್ತಲಿನ ಪದರವನ್ನು ತೆಗೆಯುವುದು. ಹೀಗೆ ತೆಗೆದದ್ದು ಮರಳಿ ಬರುವುದಿಲ್ಲ. ಬಾನೆಟ್‌ನ ಏಣು ಮತ್ತು ಬಾಗಿಲ ಅಂಚುಗಳಲ್ಲಿ ಪದರ ಮೊದಲೇ ತೆಳ್ಳಗಿರುವುದರಿಂದ ಅಲ್ಲಿ ಬಣ್ಣ ಸುಟ್ಟುಹೋಗುವುದು ನಮ್ಮ ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವ ಹಾನಿ.

ಉಜ್ಜದೆ ಮುಚ್ಚುವುದಕ್ಕೆಂದೇ ಗ್ಲೇಜ್ ಎಂಬ ಪದಾರ್ಥವಿದೆ. ಅದರಲ್ಲಿರುವ ಎಣ್ಣೆ ಮತ್ತು ನುಣುಪಾದ ಫಿಲ್ಲರ್ ಗೀರಿನ ತಗ್ಗಿನಲ್ಲಿ ಕುಳಿತು ಬೆಳಕು ಚದುರದಂತೆ ಮಾಡುತ್ತವೆ. ಪೂರ್‌ಬಾಯ್ಸ್ ವರ್ಲ್ಡ್‌ನವರ ಬ್ಲ್ಯಾಕ್ ಹೋಲ್‌ನಂತಹವು ಗಾಢ ಬಣ್ಣದ ಕಾರುಗಳಿಗಾಗಿಯೇ ತಯಾರಾದವು. ಕಪ್ಪು ಬಣ್ಣದ ವ್ಯಾಕ್ಸ್ ಕೂಡ ಮಾಡುವುದು ಬಹುಪಾಲು ಇದೇ ಕೆಲಸವನ್ನು. ನನ್ನ ದೃಷ್ಟಿಯಲ್ಲಿ ಅದರ ಬಣ್ಣಕ್ಕಿಂತ ಫಿಲ್ಲರ್‌ಗೇ ಬೆಲೆ.

ಆದರೆ ಫಲಿತಾಂಶ ನಿಂತಿರುವುದು ಹಚ್ಚುವ ಮೊದಲಿನ ಸಿದ್ಧತೆಯ ಮೇಲೆ. ಕಾರನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೈಗೆ ತೆಳುವಾದ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಹಗುರವಾಗಿ ಸವರಿ ನೋಡಿ. ಬರಿಗೈಗೆ ತಿಳಿಯದ ತರಿತರಿ ಆಗ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ರಸ್ತೆಬದಿಯ ಮರದ ಅಂಟು, ಕಟ್ಟಡ ಕೆಲಸದ ಸಿಮೆಂಟ್ ಧೂಳು, ಬ್ರೇಕ್ ಪ್ಯಾಡ್‌ನಿಂದ ಹಾರಿದ ಲೋಹದ ಪುಡಿ ಇವೆಲ್ಲ ಅಲ್ಲಿ ಕಚ್ಚಿಕೊಂಡಿರುತ್ತವೆ. ಕ್ಲೇ ಬಾರ್ ಎಂಬ, ಜೇಡಿಮಣ್ಣಿನಂತೆ ಮೆತ್ತಗಿರುವ ತುಂಡಿನಿಂದ ಸವರಿ ಅವನ್ನು ತೆಗೆಯಬೇಕು, ಆಗ ಶಾಂಪೂ ನೀರು ಧಾರಾಳವಾಗಿರಬೇಕು, ಕ್ಲೇ ಕೆಳಗೆ ಬಿದ್ದರೆ ಆ ತುಂಡನ್ನು ಮತ್ತೆ ಬಳಸಬಾರದು. ಆಮೇಲೆ ನೆರಳಿನಲ್ಲಿ, ತಗಡು ಕೈಗೆ ತಣ್ಣಗಿರುವಾಗ, ಫೋಮ್ ಪ್ಯಾಡ್‌ಗೆ ಸ್ವಲ್ಪವೇ ಗ್ಲೇಜ್ ಹಾಕಿ ಅರ್ಧ ಬಾನೆಟ್‌ನಷ್ಟು ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಮಬ್ಬು ಕಟ್ಟಿದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಅಂಟಿಲ್ಲದೆ ಸ್ವಚ್ಛವಾಗಿ ಮೂಡಿದರೆ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತದೆ ಒರೆಸಿ ತೆಗೆಯಿರಿ. ಇದರ ಮೇಲೆ ಕಾರ್ನೋಬಾ ವ್ಯಾಕ್ಸ್‌ನ ಒಂದು ಪದರ ಬೇಕೇ ಬೇಕು, ಏಕೆಂದರೆ ಗ್ಲೇಜ್‌ಗೆ ತನ್ನಷ್ಟಕ್ಕೆ ಮಳೆ ತಡೆಯುವ ಶಕ್ತಿ ಇಲ್ಲ. ‘ಕ್ಲೀನರ್ ವ್ಯಾಕ್ಸ್’ ಎಂದು ಡಬ್ಬಿಯ ಮೇಲಿದ್ದರೆ ಬಳಸಬೇಡಿ, ಅದು ಹಚ್ಚಿದ ಗ್ಲೇಜ್ ಅನ್ನೇ ಕಿತ್ತುಹಾಕುತ್ತದೆ.

ಬಯಲಿನಲ್ಲಿ ನಿಲ್ಲುವ ಕಾರಿಗೆ ಇದು ಕೆಲವು ವಾರ ಬರುತ್ತದೆ, ಶೆಡ್ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಟೂತ್‌ಪೇಸ್ಟ್ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿ ಉಜ್ಜುವ ಪುಡಿಯೇ ಇರುವುದು.

ಬಸವನಗುಡಿ ವಾಹನಪ್ರಿಯ

ಪೀಣ್ಯದವರ ಮಾತಿಗೆ ಒಂದು ತಿದ್ದುಪಡಿ. ಊಹೆಯ ಮೇಲೆ ಹೆದರುವ ಬದಲು ಪೇಂಟ್ ಗೇಜ್ ಇರುವ ಅಂಗಡಿಯಲ್ಲಿ ದಪ್ಪ ಅಳೆಸಿಕೊಳ್ಳಬಹುದಲ್ಲವೇ? ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ಬಂದರೆ ಮೂಲ ಬಣ್ಣವೆಂದು ಸಾಧಾರಣವಾಗಿ ತಿಳಿಯಬಹುದು, ಅದಕ್ಕಿಂತ ಬಹಳ ಹೆಚ್ಚು ಬಂದರೆ ಆ ಭಾಗ ಮತ್ತೆ ಪೇಂಟ್ ಆಗಿದೆ ಎಂದರ್ಥ. ಗೇಜ್ ಒಟ್ಟು ದಪ್ಪವನ್ನು ಹೇಳುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ, ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ನಡೆಯುವುದೂ ಇಲ್ಲ; ಆದರೂ ಕತ್ತಲಲ್ಲಿ ತಡಕುವುದಕ್ಕಿಂತ ಮೇಲು. ಅಳತೆ ಚೆನ್ನಾಗಿದ್ದರೆ ಡ್ಯುಯಲ್ ಆ್ಯಕ್ಷನ್ ಮೆಷಿನ್‌ನಲ್ಲಿ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವ ಪಾಲಿಶ್ ಯಂತ್ರ), ಮೆತ್ತನೆಯ ಪ್ಯಾಡ್‌ನಿಂದ, ಫಿನಿಶಿಂಗ್ ಪಾಲಿಶ್ ಒಂದು ಕೈ ಹೊಡೆಸಿದರೆ ಹೋಗುವುದು ಅತ್ಯಲ್ಪ ಪದರ, ತೀರಾ ಸಣ್ಣ ಗೀರುಗಳು ನಿಜವಾಗಿಯೂ ಹೋಗುತ್ತವೆ.

ಇನ್ನೊಂದು ವಿಷಯ ಗ್ರಾಹಕರಿಗೆ ತಿಳಿದಿರುವುದಿಲ್ಲ. ರಬ್ಬಿಂಗ್ ಎಂದು ಹಣ ಪಡೆದು ಮಾಡುವ ಎಷ್ಟೋ ಕೆಲಸಗಳಲ್ಲಿ ಕಾಂಪೌಂಡ್‌ನಲ್ಲಿರುವ (ಉಜ್ಜಲು ಬಳಸುವ ಪೇಸ್ಟ್) ಎಣ್ಣೆಯೇ ಗೀರುಗಳನ್ನು ಮುಚ್ಚಿರುತ್ತದೆ, ಕೆಲವು ಸಲ ತೊಳೆದ ಮೇಲೆ ಎಲ್ಲವೂ ಮತ್ತೆ ಕಾಣಿಸಿಕೊಳ್ಳುತ್ತವೆ. ಕಾರು ತೆಗೆದುಕೊಳ್ಳುವ ಮೊದಲು ಬಾನೆಟ್‌ನ ಒಂದು ಮೂಲೆಯನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಸಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಮುಚ್ಚುವುದಾದರೆ ಮುಚ್ಚುವ ಬೆಲೆಯನ್ನೇ ಕೊಡೋಣ.

ಬೆಳ್ಳಂದೂರು ಬೇಸ್‌ಮೆಂಟ್

ಪ್ರಶ್ನೆ ಕೇಳಿದವರು ‘ಬಟ್ಟೆಯೂ ಒಂದೇ’ ಎಂದು ಬರೆದಿರುವುದನ್ನು ಯಾರೂ ಗಮನಿಸಿದಂತಿಲ್ಲ. ಬೆಳಗ್ಗೆ ಆರಕ್ಕೆ ಒಂದೇ ಬಕೆಟ್ ನೀರಿನಲ್ಲಿ ಸಾಲಾಗಿ ಹತ್ತಾರು ಕಾರುಗಳನ್ನು ಒರೆಸುತ್ತಾ ಬಂದರೆ, ಚಕ್ರದ ಮಣ್ಣು ಸೇರಿದ ಅದೇ ಬಟ್ಟೆ ಮುಂದಿನ ಬಾನೆಟ್ ಏರುತ್ತದೆ. ಒರೆಸುವವರನ್ನು ದೂರಿ ಫಲವಿಲ್ಲ, ಅವರಿಗೆ ಸಿಗುವ ನೀರೇ ಅಷ್ಟು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ ಮೇಲೆ, ಅನೇಕ ಕಡೆ ಪೈಪ್ ಬಂದಾಗಿ ಒದ್ದೆ ಬಟ್ಟೆಯೇ ಗತಿಯಾಯಿತು.

ಕಪ್ಪು ಕಾರಿಟ್ಟುಕೊಂಡವರು ದಿನವೂ ಒರೆಸುವುದನ್ನು ನಿಲ್ಲಿಸುವಂತೆ ಹೇಳುವುದು ಒಳ್ಳೆಯದು. ಗಾಜು ಮಾತ್ರ ಒರೆಸಲಿ, ಧೂಳು ಇದ್ದರೆ ಇರಲಿ. ಮುಟ್ಟದ ಧೂಳು ಗೀರು ಹಾಕುವುದಿಲ್ಲ. ವಾರಕ್ಕೊಮ್ಮೆ ರಿನ್ಸ್‌ಲೆಸ್ ವಾಶ್ (ಆಮೇಲೆ ನೀರು ಸುರಿದು ತೊಳೆಯಬೇಕಿಲ್ಲದ) ದ್ರಾವಣವನ್ನು ಅರ್ಧ ಬಕೆಟ್ ನೀರಿಗೆ ಬೆರೆಸಿ, ಹಲವು ಮೈಕ್ರೋಫೈಬರ್ ಬಟ್ಟೆಗಳನ್ನು ಅದ್ದಿಟ್ಟುಕೊಂಡು, ಒಂದೊಂದು ಭಾಗಕ್ಕೆ ಒಂದೊಂದು ಹೊಸ ಮಗ್ಗುಲಿನಿಂದ ಕಾರಿನ ಮೇಲ್ಛಾವಣಿಯಿಂದ ಕೆಳಕ್ಕೆ ಒರೆಸಿದರೆ ಸಾಕು. ಬೋರ್‌ವೆಲ್ ನೀರಾದರೆ ಕಾರಿನ ಮೇಲೆ ಒಣಗಲು ಬಿಡಬೇಡಿ, ಅದರ ಗಡಸಿಗೆ ಸುಣ್ಣದ ಕಲೆ ಕೂರುತ್ತದೆ.

ರಾಜಾಜಿನಗರದ ಕರಿ ಸೆಡಾನ್

ಎಲ್ಲರಿಗೂ ಧನ್ಯವಾದಗಳು. ಸದ್ಯಕ್ಕೆ ಗ್ಲೇಜ್ ಮತ್ತು ವ್ಯಾಕ್ಸ್ ಎಂದು ತೀರ್ಮಾನಿಸಿದ್ದೇನೆ. ಎರಡು ಸಂದೇಹಗಳು ಉಳಿದಿವೆ: ಗ್ಲೇಜ್ ಹಚ್ಚಿ ಅದರ ಮೇಲೆಯೇ ಸೆರಾಮಿಕ್ ಹಾಕಿಸಿದರೆ ಗೀರು ಶಾಶ್ವತವಾಗಿ ಮುಚ್ಚಿರುತ್ತದೆಯೇ? ಹಾಗೆಯೇ, ಪೂಜೆಯ ದಿನ ಬಾನೆಟ್‌ಗೆ ವಿಭೂತಿ ಬಳಿದು ಕುಂಕುಮ ಇಡುವುದರಿಂದ ಇದಕ್ಕೇನಾದರೂ ತೊಂದರೆಯಿದೆಯೇ?

ಪೀಣ್ಯದ ಪೇಂಟ್ ಬೂತ್

ಸೆರಾಮಿಕ್ ನೇರವಾಗಿ ಕ್ಲಿಯರ್ ಕೋಟ್‌ಗೆ ಅಂಟಿಕೊಳ್ಳಬೇಕಾದ ಪದಾರ್ಥ, ನಡುವೆ ಎಣ್ಣೆಯಿದ್ದರೆ ಹಿಡಿಯುವುದಿಲ್ಲ. ಹಿಡಿದರೂ ಅದು ಪಾರದರ್ಶಕ. ಕೆಳಗೆ ಉಳಿದ ಗೀರುಗಳು ಅದರ ಮೂಲಕವೂ ಕಾಣುತ್ತವೆ. ಆದ್ದರಿಂದ ಸೆರಾಮಿಕ್ ಬೇಕೆಂದಾಗ ಗ್ಲೇಜ್ ಪೂರ್ತಿ ತೆಗೆಸಿ, ಬಸವನಗುಡಿಯವರು ಹೇಳಿದಂತೆ ಅಳೆಸಿ, ಅಗತ್ಯವಿದ್ದಷ್ಟೇ ಪಾಲಿಶ್ ಮಾಡಿಸಿಕೊಳ್ಳಿ.

ಪೂಜೆಗೆ ಅಡ್ಡಿಯಿಲ್ಲ. ವಿಭೂತಿ, ಕುಂಕುಮವನ್ನು ಮುಂದಿನ ಗಾಜಿಗೋ ನಂಬರ್ ಪ್ಲೇಟಿಗೋ ಇಟ್ಟರೆ ಒಳ್ಳೆಯದು. ಬಾನೆಟ್‌ಗೇ ಇಡಬೇಕೆಂದು ಮನೆಯಲ್ಲಿ ಹಿರಿಯರು ಹೇಳಿದರೆ ಇಡಿ, ಆದರೆ ಮರುದಿನ ಒಣಬಟ್ಟೆಯಿಂದ ಉಜ್ಜದೆ ಮೊದಲು ನೀರು ಸುರಿದು ಹರಿಸಿಬಿಡಿ. ಬಾಳೆಕಂದನ್ನು ಗ್ರಿಲ್‌ಗೆ ಬಿಗಿಯಾಗಿ ಕಟ್ಟಿ, ಗಾಳಿಗೆ ಅಲುಗಾಡಿ ತಗಡಿಗೆ ಉಜ್ಜದಂತೆ ದಂಟಿನ ಹಿಂದೆ ಒಂದು ಮೆತ್ತನೆಯ ಬಟ್ಟೆ ಮಡಿಸಿಡಿ.