ಎನಿಮಾದಿಂದ ಬಿಡಿಸಿದ ಕರುಳು ಮತ್ತೆ ಸಿಕ್ಕಿಕೊಳ್ಳುವುದೇ? ಅನುಭವವಿರುವವರು ತಿಳಿಸಿ

ಪ್ರಶ್ನೆ: ನನ್ನ 14 ತಿಂಗಳ ಮಗನಿಗೆ ಕಳೆದ ವಾರ ಸಲೈನ್ ಎನಿಮಾ ಕೊಟ್ಟು (ಗುದದ್ವಾರದಿಂದ ಉಪ್ಪುನೀರು ಹಾಯಿಸಿ) ಇಂಟಸಸೆಪ್ಷನ್, ಅಂದರೆ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ತೂರಿ ಸಿಕ್ಕಿಕೊಂಡಿದ್ದುದನ್ನು, ಬಿಡಿಸಿದ್ದಾರೆ. ಎಂತಹ ಮಕ್ಕಳಲ್ಲಿ ಇದು ಮರುಕಳಿಸುತ್ತದೆ, ಈಗಲೇ ಆಪರೇಷನ್ ಮಾಡಿಸುವುದು ಒಳ್ಳೆಯದೇ ಎಂಬುದನ್ನು ದಯವಿಟ್ಟು ತಿಳಿಸಿ.

ದಾವಣಗೆರೆಯ ತಾಯಿ: ನನ್ನ ಮಗನಿಗೆ ಎಂಟನೆಯ ತಿಂಗಳಿನಲ್ಲಿ ಎನಿಮಾದಿಂದ ಬಿಡಿಸಿ ಮರುದಿನ ಸಂಜೆ ಮನೆಗೆ ಕಳುಹಿಸಿದರು, ಅದೇ ರಾತ್ರಿ ಮೂರು ಗಂಟೆಗೆ ಕೂಸು ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಚೀರತೊಡಗಿತು. ಮತ್ತೆ ಆಸ್ಪತ್ರೆಗೆ ಓಡಿದೆವು. ಎನಿಮಾ ಆದ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೀಗಾಗುವುದುಂಟು, ಅದರಲ್ಲಿಯೂ ಮೊದಲ ಎರಡು ಮೂರು ದಿನ ಎಚ್ಚರ ಬೇಕು ಎಂಬ ಮಾತನ್ನು ನಮಗೆ ಹೇಳಿದ್ದು ಎರಡನೆಯ ಬಾರಿ ಹೋದಾಗ! ಅದೂ ಎನಿಮಾದಲ್ಲಿಯೇ ಬಿಟ್ಟಿತು. ಕೊಯ್ಯಿಸಲು ಒಪ್ಪದಿದ್ದುದಕ್ಕೆ ನನಗೆ ವಿಷಾದವಿಲ್ಲ.

ಹುಬ್ಬಳ್ಳಿಯ ತಂದೆ: ಇಂತಹ ಮಾತು ಕೇಳಿಯೇ ನಾವು ಮೂರು ಬಾರಿ ಎನಿಮಾ ಮಾಡಿಸಿದೆವು. ಮಗಳಿಗೆ ಆಗ ನಾಲ್ಕು ವರ್ಷ. ಆ ವಯಸ್ಸಿನಲ್ಲಿ ಪದೇ ಪದೇ ಬಂದರೆ, ಕರುಳನ್ನು ಒಳಗೆಳೆಯುವ ಗಂಟೋ ಚೀಲವೋ ಇದೆಯೇ ಎಂದು ಮೊದಲೇ ಹುಡುಕಬೇಕಾಗಿತ್ತು. ಕೊನೆಗೆ ಆಪರೇಷನ್ನಿನಲ್ಲಿ ಸಿಕ್ಕಿದ್ದು ಮೆಕೆಲ್ ಡೈವರ್ಟಿಕ್ಯುಲಮ್, ಅಂದರೆ ಸಣ್ಣ ಕರುಳಿನ ಗೋಡೆಯಿಂದ ಹೊರಚಾಚಿದ ಪುಟ್ಟ ಚೀಲ. ಆ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಆರು ವರ್ಷಗಳಲ್ಲಿ ಒಮ್ಮೆಯೂ ಮರಳಿಲ್ಲ. ಬಿಲ್ಲು 1,46,000. ಅದು ಹುಟ್ಟಿನಿಂದಲೇ ಇದ್ದ ದೋಷವೆಂದು ವಿಮೆಯವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಹನ್ನೊಂದು ತಿಂಗಳು ಪತ್ರ ಬರೆದೆ.

ದಾವಣಗೆರೆಯ ತಾಯಿ: ತಮ್ಮ ಮಗಳಿಗೆ ನಾಲ್ಕು ವರ್ಷ, ನನ್ನ ಮಗ ಹಾಲು ಕುಡಿಯುವ ಕೂಸು. ನೆಗಡಿಯ ನಂತರ ಊದಿಕೊಂಡ ದುಗ್ಧಗ್ರಂಥಿಗಳ (ಲಿಂಫ್ ಗ್ರಂಥಿಗಳ) ಹೊರತು ಅವನ ಸ್ಕ್ಯಾನಿನಲ್ಲಿ ಬೇರೇನೂ ಇರಲಿಲ್ಲ. ವಿಮೆಯವರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಮೈಸೂರಿನ ಅಜ್ಜಿ: ನನ್ನ ಮೊಮ್ಮಗನಿಗೆ ಎನಿಮಾ ಫಲಿಸದೆ ಆಪರೇಷನ್ನೇ ಆಯಿತು. ಕೈಯಿಂದ ಬಿಡಿಸಿ ಹೊಲಿದರು. ಏಳನೆಯ ತಿಂಗಳಿಗೆ ಮತ್ತೆ ಬಂತು. ಆಪರೇಷನ್ನಿನ ನಂತರ ಹೀಗಾಗುವುದು ಅಪರೂಪವಂತೆ, ಆ ಅಪರೂಪ ನಮ್ಮ ಪಾಲಿಗೇ ಬರಬೇಕೇ? ನಾನು ತಿನ್ನಿಸಿದ ರಾಗಿ ಸರಿಯೇ ಕಾರಣವೆಂದು ಸೊಸೆ ಇಂದಿಗೂ ಹೇಳುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಸರ್ಜನ್ ಅವಳ ಎದುರಿನಲ್ಲಿಯೇ ಹೇಳಿದ್ದಾರೆ.

ಹುಬ್ಬಳ್ಳಿಯ ತಂದೆ: ಅಮ್ಮಾ, ಕೈಯಿಂದ ಬಿಡಿಸುವುದೇ ಬೇರೆ, ಕತ್ತರಿಸಿ ತೆಗೆಯುವುದೇ ಬೇರೆ. ನಾನು ಹೇಳಿದ್ದು ಎರಡನೆಯದನ್ನು.

ಮೈಸೂರಿನ ಅಜ್ಜಿ: ಅಷ್ಟು ನನಗೂ ತಿಳಿದಿದೆಯಪ್ಪ. ಒಳಗೆ ಗಂಟೇ ಇಲ್ಲದ ಮಗುವಿನಲ್ಲಿ ಏನನ್ನು ಕತ್ತರಿಸಿ ತೆಗೆಯಬೇಕಾಗಿತ್ತು, ಅದನ್ನು ಹೇಳು.