ಬೇವಿನ ಗಿಡದಿಂದ ಬಿದ್ದ ಶಿಕ್ರಾ (ಸಣ್ಣ ಗಿಡುಗ) ಮರಿ: ಏನು ತಿನ್ನಿಸಬೇಕು, ಸಾಕಬಹುದೇನು?

ಶಹಾಪುರದಿಂದ ಪ್ರಶ್ನೆ

ನಿನ್ನೆ ಸಂಜಿ ಬಿರುಗಾಳಿಗೆ ಮನಿ ಹಿಂದಿನ ಬೇವಿನ ಗಿಡದಾಗಿನ ಗೂಡು ಕಿತ್ತು ಬಿತ್ತು. ಒಂದು ಮರಿ ಬದುಕ್ಯದ. ಮೈಮ್ಯಾಲ ಬಿಳಿ ತುಪ್ಪಳ, ರೆಕ್ಕಿ ಅಂಚಿಗೆ ನೀಲಿ ಕೊಳವಿಯಂಥ ಗರಿ ಮೊಳಕಿ, ಉದ್ದನ್ನ ಹಳದಿ ಕಾಲು. ಅಡಗಿ ಮನಿ ತಕ್ಕಡ್ಯಾಗ 82 ಗ್ರಾಂ ತೂಗ್ತು. ಹಾಲು-ಬ್ರೆಡ್ ಕೊಟ್ರ ಬಾಯಿ ತೆಗೀವಲ್ತು. ಏನು ಕೊಡಬೇಕು? ಅರಬ್ ದೇಶದಾಗ ಬಾಜ್ ಸಾಕಿದಂಗ ಕೈಮ್ಯಾಲ ಕೂಡೂದು ಕಲಿಸಬಹುದೇನು?

ಕಲಬುರಗಿಯಿಂದ

ಹಾಲು-ಬ್ರೆಡ್ ಈಗೇ ತೆಗೀರಿ. ಗಿಡುಗದ ಹೊಟ್ಟಿಗೆ ಹಾಲು ಹಿಡಿಯೂದಿಲ್ಲ, ಭೇದಿ ಆಗಿ ಇನ್ನಷ್ಟು ನೀರು ಕಳಕೊಳ್ತದ.

ನೀವು ಹೇಳಿದ ಗುರ್ತು ಶಿಕ್ರಾಗೇ ಹೊಂದತದ. ಪುಸ್ತಕದಾಗ ಇದಕ್ಕ ಬಿಜ್ಜು ಅಂತಲೂ ಬರೀತಾರ. ಹದ್ದಿನ ಮರಿ ಆಗಿದ್ರ ತುಪ್ಪಳ ಕಂದು ಛಾಯೆದ್ದು, ಕಾಲು ಗಿಡ್ಡ ಇರ್ತಿತ್ತು. ಗೂಬಿ ಮರಿ ಆಗಿದ್ರ ಎರಡೂ ಕಣ್ಣು ಮುಂದಕ್ಕೇ ನೋಡ್ತಿದ್ವು. ವಯಸ್ಸು ಗರಿಯಿಂದ ತಿಳೀತದ: ನೀಲಿ ಕೊಳವಿ ತುದಿ ಸೀಳಿ ಬಣ್ಣದ ಕುಂಚದಂಗ ಬಿಚ್ಚಿಕೊಂಡದೇನು, ಇನ್ನೂ ಮುಚ್ಚೇ ಅದನೋ ನೋಡ್ರಿ. ಮುಚ್ಚಿದ್ರ ಹತ್ತು-ಹನ್ನೆರಡು ದಿನ, ಬಿಚ್ಚಲಿಕ್ಕೆ ಹತ್ತಿದ್ರ ಎರಡು ವಾರ ದಾಟ್ಯದ ಅಂತ ಹಿಡೀರಿ. ಕೊಳವಿ ಒಳಗ ರಕ್ತ ಹರೀತಿರ್ತದ, ಒತ್ತಿ ನೋಡಬ್ಯಾಡ್ರಿ, ಮುರಿದ್ರ ರಕ್ತ ನಿಲ್ಲೂದು ಕಷ್ಟ.

ಇಷ್ಟು ಸಣ್ಣ ಮರಿಗೆ ಅವ್ವ-ಅಪ್ಪನಕಿಂತ ಚಲೋ ಸಾಕೋರು ಯಾರೂ ಇಲ್ಲ. ಅವು ಅದೇ ಗಿಡದ ಸುತ್ತ ಇರ್ತಾವ, ‘ಕಿಕ್-ಕೀ’ ಅಂತ ಕೂಗೂದು ಕೇಳಿಸ್ತದೇನು ಮೊದಲು ನೋಡ್ರಿ. ಮನುಷ್ಯರು ಮುಟ್ಟಿದ್ರ ವಾಸನಿ ಬಂದು ಮರಿನ ಬಿಟ್ಟು ಹೋಗ್ತಾವ ಅನ್ನೂದು ಖರೇ ಅಲ್ಲ. ಅವು ಮರಿ ಕೂಗಿಗೆ, ತೆರೆದ ಬಾಯಿಗೆ ಓಗೊಡ್ತಾವ.

ಬೀದರ್‌ನಿಂದ, ಪಶುವೈದ್ಯರು

ಮರಿಯನ್ನು ಮತ್ತೆ ಮರದ ಮೇಲೆ ಇಡುವ ತನಕ ಮಾಡಬೇಕಾದ್ದನ್ನು ಹೇಳುತ್ತೇನೆ. ಕ್ರಮ ತಪ್ಪಿಸಬೇಡಿ: ಮೊದಲು ಮೈಯ ಬಿಸಿಯ ಹದ, ಆಮೇಲೆ ನೀರಿನಂಶ, ಕೊನೆಗೆ ಆಹಾರ. ತಣ್ಣಗಾದ ಅಥವಾ ಒಣಗಿದ ಮರಿಗೆ ಮಾಂಸ ತುರುಕಿದರೆ ಅದು ಜೀರ್ಣವಾಗದೆ ಗಂಟಲಚೀಲದಲ್ಲೇ ಕೊಳೆಯುತ್ತದೆ.

ಸಣ್ಣ ಮರಿಗೆ ಬಿಸಿ ಬೇಕು ಎಂದು ಎಲ್ಲ ಕಡೆ ಓದಿರುತ್ತೀರಿ. ಅದು ನಿಜ, ಆದರೆ ಮೇ ತಿಂಗಳಲ್ಲಿ ನಮ್ಮ ಕಡೆ ಮಧ್ಯಾಹ್ನ 42 ಡಿಗ್ರಿ ದಾಟುವಾಗ ಹಗಲಲ್ಲಿ ಬಲ್ಬ್ ಹಾಕಿದರೆ ಮರಿ ಬೆಂದೇ ಹೋಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆ ಜೋಲು ಬಿಟ್ಟಿದ್ದರೆ ಸೆಕೆ ಹೆಚ್ಚಾಗಿದೆ. ಮನೆಯ ತಣ್ಣನೆಯ ಕೋಣೆಯಲ್ಲಿಡಿ, ಪಕ್ಕದಲ್ಲಿ ಒದ್ದೆ ಗೋಣಿ ತೂಗುಹಾಕಿ, ಫ್ಯಾನ್ ನೇರವಾಗಿ ಬೀಸಬಾರದು. ಮುದುಡಿಕೊಂಡು ನಡುಗುತ್ತಿದ್ದರೆ ಉಗುರು ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ.

ಪಂಜರ ಬೇಡ, ತಂತಿಗೆ ಗರಿ ಸಿಕ್ಕಿ ಮುರಿಯುತ್ತದೆ. ರಟ್ಟಿನ ಪೆಟ್ಟಿಗೆಯ ಬದಿಯಲ್ಲಿ ತೂತು ಮಾಡಿ. ತಳಕ್ಕೆ ಬರೀ ಪೇಪರ್ ಹಾಸಿದರೆ ಕಾಲು ಜಾರಿ ಎರಡು ಕಡೆಗೆ ಅಗಲಿಕೊಳ್ಳುತ್ತವೆ, ಎರಡೇ ದಿನದಲ್ಲಿ ಸೊಂಟದ ಕೀಲು ಕೆಡುತ್ತದೆ. ಟವೆಲನ್ನು ಸಿಂಬಿಯಂತೆ ಸುತ್ತಿ, ನಡುವೆ ಒಣಹುಲ್ಲಿಟ್ಟು, ಕಾಲು ಮೈಯಡಿ ಸೇರುವಂತೆ ಕೂರಿಸಿ.

ಬಾಯಿಗೆ ನೀರು ಬಿಡಲೇಬೇಡಿ. ನಾಲಿಗೆಯ ಬುಡದಲ್ಲೇ ಉಸಿರು ನಾಳದ ಬಾಯಿ ಇದೆ, ಒಂದು ಹನಿ ತಪ್ಪಿದರೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಾಂಸದ ತುಂಡನ್ನೇ ನೀರಲ್ಲಿ ಅದ್ದಿ ಕೊಡಿ, ಅಷ್ಟು ಸಾಕು.

ಒಂದು ದಿನದ ಮಟ್ಟಿಗೆ ತಾಜಾ ಕೋಳಿ ಮಾಂಸ ನಡೆಯುತ್ತದೆ. ಚರ್ಮ, ಕೊಬ್ಬು, ಉಪ್ಪು, ಅರಿಶಿನ ಯಾವುದೂ ಇರಬಾರದು, ಬೇಯಿಸಬಾರದು. ತುಂಡು ಬಟಾಣಿ ಕಾಳಿನಷ್ಟು. ಚಿಮುಟದಲ್ಲಿ ಹಿಡಿದು ಕೊಕ್ಕಿನ ಬದಿಗೆ ತಾಗಿಸಿದರೆ ತಾನೇ ಕಸಿದುಕೊಳ್ಳುತ್ತದೆ. 82 ಗ್ರಾಂ ಮರಿಗೆ ದಿನಕ್ಕೆ 16ರಿಂದ 20 ಗ್ರಾಂ, ಬೆಳಗಿನಿಂದ ಸಂಜೆಯೊಳಗೆ ನಾಲ್ಕು ಸಲ. ಕತ್ತಿನ ಬುಡದಲ್ಲಿ ಚೀಲ ಮೆತ್ತಗೆ ಉಬ್ಬಿದರೆ ನಿಲ್ಲಿಸಿ. ಅದು ಪೂರ್ತಿ ಇಳಿಯುವ ತನಕ ಮುಂದಿನ ತುತ್ತು ಬೇಡ. ಬಾಯಿಯಿಂದ ಹುಳಿ ವಾಸನೆ ಬಂದರೆ ಹಳೆಯದು ಕೊಳೆಯುತ್ತಿದೆ ಎಂದರ್ಥ, ತಡಮಾಡದೆ ವೈದ್ಯರಿಗೆ ತೋರಿಸಿ.

ಬರೀ ಮಾಂಸವನ್ನೇ ವಾರಗಟ್ಟಲೆ ಕೊಡುವುದೇ ಅತಿ ದೊಡ್ಡ ತಪ್ಪು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಗೂಡಿನಲ್ಲಿ ಮರಿ ಓತಿಕ್ಯಾತ, ಇಲಿ, ಸಣ್ಣ ಹಕ್ಕಿಗಳ ಎಲುಬನ್ನೂ ತಿನ್ನುತ್ತದೆ. ಅದು ಸಿಗದ ಮರಿಯ ಕಾಲೆಲುಬು ಹಸಿ ಕಡ್ಡಿಯಂತೆ ಬಾಗುತ್ತದೆ. ಹೊರಗಿಂದ ಮರಿ ಗುಂಡಗೆ, ಚೆಂದವಾಗಿಯೇ ಕಾಣುತ್ತಿರುತ್ತದೆ. ಒಂದು ದಿನ ನಿಲ್ಲಲು ಹೋಗಿ ಕುಸಿದಾಗಲೇ ಗೊತ್ತಾಗುವುದು. ಕುದಿಸಿ ಒಣಗಿಸಿದ ಮೊಟ್ಟೆ ಚಿಪ್ಪಿನ ನುಣ್ಣನೆ ಪುಡಿಯನ್ನು ದಿನಕ್ಕೆ ಒಂದೇ ಒಂದು ಚಿಟಿಕೆ ಮಾಂಸಕ್ಕೆ ಹಚ್ಚಿ.

ಪಾರಿವಾಳದ ಮಾಂಸ ಬೇಡ. ಅದರ ಬಾಯಲ್ಲಿರುವ ಪರಾವಲಂಬಿ ಗಿಡುಗದ ಗಂಟಲಲ್ಲಿ ಪನೀರಿನಂಥ ಹಳದಿ ಗಡ್ಡೆ ಎಬ್ಬಿಸುತ್ತದೆ, ಹಕ್ಕಿ ನುಂಗಲಾಗದೆ ಸಾಯುತ್ತದೆ. ನೋವಿಗೆಂದು ಮನೆಯ ಮಾತ್ರೆಯೂ ಬೇಡ. ರಣಹದ್ದುಗಳನ್ನು ಅಳಿವಿನ ಅಂಚಿಗೆ ತಳ್ಳಿದ್ದು ನೋವಿನ ಔಷಧವಾದ ಡೈಕ್ಲೋಫೆನಾಕ್. ಜಾನುವಾರುಗಳಿಗೆ ಅದನ್ನು ಕೊಡುವುದು 2006ರಲ್ಲೇ ನಿಷೇಧವಾಗಿದೆ.

ಯಾದಗಿರಿಯಿಂದ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗಿಡುಗ ಹಿಡಿಯೋದು, ಸಾಕೋದು, ಮಾರೋದು ಎಲ್ಲವೂ ಅಪರಾಧ. ಬಿದ್ದ ಮರಿಯನ್ನ ಕಾಪಾಡಿದ್ರೂ 48 ಗಂಟೆ ಒಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಅರಣ್ಯ ಇಲಾಖೆ ಸಹಾಯವಾಣಿ 1926. ಕರೆ ಮಾಡಿದ ಹೊತ್ತು ಬರೆದಿಟ್ಕೊಳ್ಳಿ.

ಬಸವಕಲ್ಯಾಣದಿಂದ

ಕೈಮೇಲೆ ಕೂರಿಸುವ ಮಾತು ಬಂತಲ್ಲ, ಅದಕ್ಕೆ ಬೈದು ಸುಮ್ಮನಾಗುವುದಕ್ಕಿಂತ ಕಾರಣ ಹೇಳಬೇಕು. ಈ ಆಸೆ ನಮ್ಮ ನೆಲಕ್ಕೆ ಹೊಸದಲ್ಲ. ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಶ್ಯೇನವಿನೋದ ಎಂದು ಗಿಡುಗದ ಬೇಟೆಗೇ ಒಂದು ಭಾಗವಿದೆ. ಬಾಜ್ ಅಂದರೆ ಗೋಶಾಕ್ ಎಂಬ ದೊಡ್ಡ ಗಿಡುಗದ ಹೆಣ್ಣು, ಗಂಡಿಗೆ ಜುರ್ರಾ ಅಂತಾರೆ. ನಮ್ಮ ದೇಶದಲ್ಲಿ ಅದು ಹಿಮಾಲಯದ ಹಕ್ಕಿ, ಹೆಣ್ಣು ಒಂದು ಕಿಲೋ ಮೀರಿ ತೂಗುತ್ತದೆ. ಶಿಕ್ರಾ ಅದರ ಪುಟ್ಟ ಬಂಧು, ಸ್ವಭಾವ ಮಾತ್ರ ಅದರದ್ದೇ.

ಗಿಡುಗ ಪಳಗಿಸಿ ಬೇಟೆಯಾಡಿಸುವ ಈ ಕಲೆ ಕಾನೂನುಬದ್ಧವಾಗಿರುವ ಬ್ರಿಟನ್‌ನಂಥ ಕಡೆ ಗೋಶಾಕ್ ಮರಿ ಆರಿಸುವವರು ಮೊದಲು ಕೇಳುವುದೇ ಇದು: ಸಾಕಣೆಯಲ್ಲೇ ಹುಟ್ಟಿದ್ದೇ, ಅದನ್ನು ಬೆಳೆಸಿದ್ದು ಹೆತ್ತ ಹಕ್ಕಿಗಳೇ, ಮನುಷ್ಯರೇ? ಕಾಲಲ್ಲಿ ಬೆಸುಗೆಯಿಲ್ಲದ ಉಂಗುರ ಇರಬೇಕು. ಮರಿಯ ಪಾದ ಸಣ್ಣದಿದ್ದಾಗ ಮಾತ್ರ ಅದು ಒಳಗೆ ಹೋಗುತ್ತದೆ, ಆಮೇಲೆ ಹಾಕಲೂ ಆಗದು, ತೆಗೆಯಲೂ ಆಗದು. ಕಾಡಿನಿಂದ ತಂದ ಮರಿಯಲ್ಲ ಅನ್ನುವುದಕ್ಕೆ ಅದು ಗುರುತು. ಅನೇಕರು ಗರಿ ಗಟ್ಟಿಯಾಗುವ ತನಕ, ಹತ್ತು ವಾರದ ಆಸುಪಾಸು, ಮರಿಯನ್ನು ಹೆತ್ತವರ ಬಳಿಯೇ ಬಿಡುತ್ತಾರೆ. ಊಟ ಕೊಡುವ ಕೈ ಕೂಡ ಕಾಣದಂತೆ ಕೊಳವೆಯಿಂದ ಒಳಗೆ ಬೀಳಿಸುತ್ತಾರೆ.

ಯಾಕೆಂದರೆ ಎರಡನೇ ವಾರದಲ್ಲಿ ಚಿಮುಟದಿಂದ ಉಣ್ಣುವ ಮರಿಗೆ ಮನುಷ್ಯನೇ ಅವ್ವ. ದೊಡ್ಡದಾದ ಮೇಲೆ ಹಸಿವಾದಾಗಲೆಲ್ಲ ಬೆಳಗಿನಿಂದ ಕತ್ತಲಾಗುವ ತನಕ ಕಿರುಚುತ್ತದೆ. ರೆಕ್ಕೆ ಹರಡಿ ತುತ್ತು ಮುಚ್ಚಿಕೊಂಡು ಮುಖಕ್ಕೇ ಎರಗುತ್ತದೆ. ಹೊರಗೆ ಬಿಟ್ಟರೆ ಬೇಟೆ ಗೊತ್ತಿಲ್ಲ, ಊರಿನವರ ತಲೆ ಮೇಲೆ ಇಳಿದು ಕಲ್ಲೇಟು ತಿನ್ನುತ್ತದೆ. ನಿಮ್ಮ ಮನೆಯ ಒಳ್ಳೆ ಮನಸ್ಸೇ ಅದರ ಕಾಡಿನ ಬದುಕು ಕಸಿಯುತ್ತದೆ, ಅದು ಆಗಬಾರದು. ಒಂದೆರಡು ದಿನ ಉಣಿಸಬೇಕಾಗಿ ಬಂದರೂ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳಿ, ಮಾತಾಡಬೇಡಿ, ಮಕ್ಕಳಿಗೆ ಸವರಲು ಕೊಡಬೇಡಿ.

ಇನ್ನೊಂದು ಗುರುತು. ಅರೆಹೊಟ್ಟೆಯಲ್ಲಿ ಬೆಳೆದ ಗಿಡುಗದ ಬಾಲದ ಗರಿಯನ್ನು ಬೆಳಕಿಗೆ ಹಿಡಿದರೆ ಅಡ್ಡಕ್ಕೆ, ಎಲ್ಲ ಗರಿಗಳಲ್ಲೂ ಒಂದೇ ಮಟ್ಟಕ್ಕೆ, ಬ್ಲೇಡಿನಿಂದ ಗೀಚಿದಂಥ ತೆಳು ಗೆರೆ ಕಾಣುತ್ತದೆ. ಅದು ಊಟ ತಪ್ಪಿದ ದಿನದ ಗೆರೆ. ಮುಂದೆ ಗರಿ ಮುರಿಯುವುದು ಅಲ್ಲೇ. ಮತ್ತೆ ಹೊಸ ಗರಿ ಬರಲು ಮುಂದಿನ ವರ್ಷ ಗರಿ ಉದುರುವ ತನಕ ಕಾಯಬೇಕು.

ಶಹಾಪುರದಿಂದ

ಎಲ್ಲರಿಗೂ ಉಪಕಾರ ಆಯ್ತು. 1926ಕ್ಕ ತಿಳಿಸೀವಿ. ಅವ್ವ ಗಿಡುಗ ಇನ್ನೂ ಗಿಡದ ಸುತ್ತೇ ಅದ. ಗೂಡು ಪೂರಾ ಚೂರಾಗ್ಯದ, ಮರಿ ಎಲ್ಲಿ ಇಡಬೇಕು?

ಕಲಬುರಗಿಯಿಂದ

ಬಿದಿರಿನ ಬುಟ್ಟಿ ತಗೊಳ್ರಿ, ಒಂದು ಅಡಿ ಅಗಲ, ಅರ್ಧ ಅಡಿ ಆಳ. ಅದಕಿಂತ ಆಳ ಇದ್ರ ಅವ್ವಗ ಮರಿ ಕಾಣಸೂದಿಲ್ಲ. ತಳದಾಗ ನಾಕೈದು ತೂತು ಹಾಕ್ರಿ, ಮಳಿ ನೀರು ನಿಂತ್ರ ಮರಿ ನೆಂದು ಸಾಯ್ತದ. ಬಿದ್ದ ಗೂಡಿನ ಕಡ್ಡಿನೇ ಒಳಗ ಹಾಸ್ರಿ. ಅದೇ ಗಿಡದಾಗ ಇಲ್ಲ ಪಕ್ಕದ ಗಿಡದಾಗ, ಕಾಂಡ ಕವಲೊಡೆದಲ್ಲಿ, ಮಧ್ಯಾಹ್ನದ ನೆರಳು ಬೀಳೂ ಕಡೆ ಮೂರು ಜಾಗಾದಾಗ ತಂತಿಯಿಂದ ಬಿಗೀರಿ. ಹಗ್ಗ ಬಿಸಲಿಗೆ ಸಡಿಲ ಆಗ್ತದ. ಏರಾಂವ ಹೆಲ್ಮೆಟ್ ಹಾಕ್ಕೊಳ್ಲಿ, ಶಿಕ್ರಾ ಹಿಂದಿನಿಂದ ತಲಿಗೇ ಹೊಡೀತದ. ಕರೆಂಟ್ ತಂತಿ ಹತ್ರ ಇದ್ರ ಇಲಾಖೆಯವ್ರು ಬರೂತನಕ ಕಾಯ್ರಿ.

ಮುಂಜಾನೆ ಆರಕ್ಕ ಇಡ್ರಿ, ಹೊಟ್ಟಿ ತುಂಬಿಸಿ ಅಲ್ಲ, ಸ್ವಲ್ಪ ಹಸಿವು ಇಟ್ಟು. ಹಸಿದ್ರನೇ ಕೂಗ್ತದ, ಕೂಗಿದ್ರನೇ ಅವ್ವ ಬರ್ತದ. ಆಮ್ಯಾಲ ಎಲ್ಲಾರೂ ಮೂವತ್ತು-ನಾಲ್ವತ್ತು ಮೀಟರ್ ದೂರ ಸರೀರಿ. ಎರಡು-ಮೂರು ತಾಸು ಬ್ಯಾರೆ ಟೊಂಗಿ ಮ್ಯಾಲ ಕೂತು ಬರೇ ನೋಡಬಹುದು, ಗಾಬರಿ ಆಗಬ್ಯಾಡ್ರಿ. ಬುಟ್ಟಿ ಅಂಚಿಗೆ ಕೂತು ಬಗ್ಗಿದ್ರ ಕೆಲಸ ಆಯ್ತು. ಸಂಜಿತನಕ ಹತ್ರ ಬರಲೇ ಇಲ್ಲ ಅಂದ್ರ ಮಾತ್ರ ಇಳಿಸಿ ಇಲಾಖೆಗೆ ಒಪ್ಪಿಸ್ರಿ.

ಮರುದಿನ ಮ್ಯಾಲ ಏರಿ ನೋಡಬ್ಯಾಡ್ರಿ, ನೆಲಾ ನೋಡ್ರಿ. ಈ ಮರಿ ಹಿಂಭಾಗ ಎತ್ತಿ ಅಂಚಿನ ಹೊರಗ ಹಿಕ್ಕಿ ಹಾರಸ್ತದ. ಬುಟ್ಟಿ ಕೆಳಗ ಸುಣ್ಣ ಚೆಲ್ಲಿದಂಗ ಹೊಸಾ ಬಿಳಿ ಗೆರಿ, ನಡುವ ಕಪ್ಪು ಚುಕ್ಕಿ ಬಿದ್ದಿದ್ರ ಅದು ಉಂಡದ. ಬರೇ ಹಸರ ನೀರು ಬಿದ್ದಿದ್ರ ಹಸಿದದ.